ಸಣ್ಣ ಟ್ರ್ಯಾಕ್ಟರಿನಿಂದ ಸೌದೆ ಸೀಳುವುದು: ಎಣ್ಣೆ ಎಲ್ಲಿಂದ ಬರಬೇಕು?

ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಯ ಕಡೆ ನೀಲಗಿರಿ ತೋಪು ತೆಗೆಸಿದವರ ಹೊಲದ ಬದುವಿನಲ್ಲಿ ಒಂದೇ ಬಗೆಯ ರಾಶಿ ಕಾಣಸಿಗುತ್ತದೆ. ನೇರವಾದ ಕಂಬಗಳೆಲ್ಲ ಲಾರಿ ಹತ್ತಿ ಹೋಗಿರುತ್ತವೆ. ಯಾರೂ ಕೊಳ್ಳದ ದಪ್ಪ ಬುಡಗಳು, ಗಂಟು ಬಿದ್ದ ತುಂಡುಗಳು, ಕವಲಿನ ಕೊರಡುಗಳು ಅಲ್ಲೇ ಉಳಿದಿರುತ್ತವೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ತೋಪು ತೆಗೆಸಿ ಮಾವಿಗೋ ರಾಗಿಗೋ ಮರಳಿದ ರೈತರನ್ನು ನಾನು ಬಲ್ಲೆ. ಕೊಡಲಿ ಹಿಡಿದು ದಿನವಿಡೀ ಸೌದೆ ಒಡೆಯುವ ಆಳು ಸಿಗುವುದು ಅವರಿಗೆ ಕಷ್ಟವಾಗಿದೆ. ಆದರೆ ಅವರ ಕೊಟ್ಟಿಗೆಯಲ್ಲಿ ದ್ರಾಕ್ಷಿ, ಮಾವಿನ ಸಾಲುಗಳ ನಡುವೆ ಓಡಾಡಲೆಂದು ಕೊಂಡ 18ರಿಂದ 28 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ನಿಂತಿರುತ್ತದೆ. ಹಾಗಾಗಿ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ: ಟ್ರ್ಯಾಕ್ಟರಿನಲ್ಲಿ ಹೇಗೂ ಹೈಡ್ರಾಲಿಕ್ ಇದೆಯಲ್ಲ, ಅದರಿಂದಲೇ ಸೌದೆ ಸೀಳುವ ಯಂತ್ರವನ್ನು ಓಡಿಸಬಹುದೇ, ಅಥವಾ ಪಿ.ಟಿ.ಒ.ಗೆ (ಬೇರೆ ಯಂತ್ರಗಳನ್ನು ತಿರುಗಿಸಲೆಂದು ಟ್ರ್ಯಾಕ್ಟರಿನ ಹಿಂಬದಿಯಲ್ಲಿರುವ ಶಾಫ್ಟಿಗೆ) ಬೇರೆ ಪಂಪ್ ಹಾಕಿಸಬೇಕೇ, ಅಥವಾ ಎಂಜಿನ್ ಸಮೇತ ಪ್ರತ್ಯೇಕ ಯಂತ್ರವನ್ನೇ ತರಬೇಕೇ?

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಸಿಲಿಂಡರುಗಳ ರಿಪೇರಿ ನನ್ನ ಕೆಲಸ. ಮಾಗಡಿಯ ಹತ್ತಿರ ಮನೆತನದ ಜಮೀನಿದೆ, ಅಲ್ಲಿ ಇಂಥದೊಂದು ಯಂತ್ರವನ್ನು ನಾವೇ ಮಾಡಿಸಿ ಬಳಸುತ್ತಿದ್ದೇವೆ. ಈ ಪ್ರಶ್ನೆಯನ್ನು ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಎಷ್ಟು ಟನ್ನಿನ ಯಂತ್ರ ಬೇಕು ಎಂಬುದರಿಂದ ಮಾತು ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ಯಂತ್ರಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಎಲ್ಲಿಗೆ ಮರಳಿ ಹೋಗುತ್ತದೆ ಎಂಬುದನ್ನು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಳೆದುಕೊಳ್ಳಬೇಕಾದವು

ಎಲ್ಲಕ್ಕಿಂತ ಮುಖ್ಯವಾದ ಅಳತೆ ವರ್ಷಕ್ಕೆ ಎಷ್ಟು ದಿನ ಸೌದೆ ಸೀಳುತ್ತೀರಿ ಎಂಬುದು. ಬಚ್ಚಲ ಹಂಡೆಗೂ ಊರಿನ ಒಂದೆರಡು ಸಮಾರಂಭದ ಅಡುಗೆಗೂ ಸಾಕಾಗುವಷ್ಟು ಸೌದೆಗೆ ವರ್ಷದಲ್ಲಿ ಎಂಟು ಹತ್ತು ದಿನ ಸಾಕು. ತೋಪು ತೆಗೆಸಿದ ವರ್ಷ ಅದು ಒಂದು ತಿಂಗಳಾಗಬಹುದು. ಸೌದೆ ಡಿಪೋ ನಡೆಸುವವರಿಗೆ ಅದು ದಿನನಿತ್ಯದ ಕೆಲಸ. ಈ ಮೂವರಿಗೂ ಒಂದೇ ಉತ್ತರ ಸರಿಹೋಗಲಾರದು.

ಎರಡನೆಯದು ಮರ. ಸಿಲ್ವರ್ ಓಕ್ ನೇರ ಎಳೆಯ ಮರ, ಬೆಣೆ ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ. ನೀಲಗಿರಿಯನ್ನು ಕಡಿದ ಕೆಲವೇ ವಾರಗಳಲ್ಲಿ, ಹಸಿಯಾಗಿರುವಾಗಲೇ ಸೀಳಿಬಿಡಬೇಕು. ಒಣಗಿದಷ್ಟೂ ಅದು ಗಟ್ಟಿಯಾಗುತ್ತದೆ, ಎಳೆ ತಿರುಚಿಕೊಂಡ ಬುಡವಂತೂ ಬೆಣೆಯನ್ನೇ ಹಿಡಿದುಕೊಳ್ಳುತ್ತದೆ. ಸರ್ವೆ, ಜಾಲಿ ಗಟ್ಟಿ ಮರಗಳು. ಹುಣಸೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಎಲ್ಲಕ್ಕಿಂತ ಹಟಮಾರಿ. ನಗರದಲ್ಲಿ ಮುಂಗಾರಿಗೆ ಮೊದಲಿನ ಗಾಳಿಗೆ ಬೀಳುವ ಮಳೆಮರವೂ ಅದೇ ಬಗೆಯದು. ತೆಂಗಿನ ಕಾಂಡ ಸೀಳುವುದಿಲ್ಲ, ನಾರುನಾರಾಗಿ ಜಜ್ಜಿಹೋಗುತ್ತದೆ. ಅದನ್ನು ಈ ಯಂತ್ರದ ಲೆಕ್ಕಕ್ಕೇ ಸೇರಿಸಬಾರದು.

ಮೂರನೆಯದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ನಿಮಿಷಕ್ಕೆ ಕೊಡುವ ಎಣ್ಣೆ ಮತ್ತು ಅದರ ಗರಿಷ್ಠ ಒತ್ತಡ. ಇದನ್ನು ಕೈಪಿಡಿಯಲ್ಲಿ ಹುಡುಕುವಾಗ ಒಂದು ಎಚ್ಚರ ಬೇಕು: ಪವರ್ ಸ್ಟೀರಿಂಗ್ ಇರುವ ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್ ಪಂಪಿನ ಲೆಕ್ಕವನ್ನೂ ಹಿಂದಿನ ಉಪಕರಣ ಎತ್ತುವ ಲಿಫ್ಟ್ ಪಂಪಿನ ಲೆಕ್ಕವನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ಬರೆದಿರುತ್ತಾರೆ, ನಿಮ್ಮ ಯಂತ್ರಕ್ಕೆ ಸಿಗುವುದು ಲಿಫ್ಟ್ ಪಂಪಿನ ಪಾಲು ಮಾತ್ರ. ಈ ವರ್ಗದ ಟ್ರ್ಯಾಕ್ಟರುಗಳಲ್ಲಿ ಆ ಪಾಲು ಸಾಮಾನ್ಯವಾಗಿ 15ರಿಂದ 25 ಲೀಟರಿನ ನಡುವೆ ಇರುತ್ತದೆ, ಅದೂ ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ. ಸಂಶಯವಿದ್ದರೆ ಬೋರು (ಒಳ ವ್ಯಾಸ), ಸ್ಟ್ರೋಕು (ರಾಡ್ ಓಡುವ ದೂರ) ಗೊತ್ತಿರುವ ಡಬಲ್ ಆಕ್ಟಿಂಗ್ ಜಾಕ್ (ಎಣ್ಣೆಯ ಬಲದಿಂದಲೇ ಹೊರಗೂ ಒಳಗೂ ಚಲಿಸುವ ಹೈಡ್ರಾಲಿಕ್ ಸಿಲಿಂಡರು) ಒಂದನ್ನು ಮೆಕ್ಯಾನಿಕ್ ಕೈಯಲ್ಲಿ ಜೋಡಿಸಿ, ಎಣ್ಣೆ ಬೆಚ್ಚಗಾದ ಮೇಲೆ, ಅದು ಪೂರ್ತಿ ಹೊರಬರಲು ಹಿಡಿಯುವ ಸೆಕೆಂಡುಗಳನ್ನು ಎಣಿಸಿ. 80 ಮಿ.ಮೀ. ಬೋರಿನ, 600 ಮಿ.ಮೀ. ಸ್ಟ್ರೋಕಿನ ಜಾಕಿಗೆ ಮೂರು ಲೀಟರ್ ಎಣ್ಣೆ ಬೇಕು. ಅದು 12 ಸೆಕೆಂಡಿನಲ್ಲಿ ತುಂಬಿದರೆ ನಿಮ್ಮ ಪಂಪು ನಿಮಿಷಕ್ಕೆ 15 ಲೀಟರ್ ಕೊಡುತ್ತಿದೆ.

ಉಳಿದಂತೆ ಸೌದೆ ಎಲ್ಲಿ ಬಿದ್ದಿದೆ, ಸೀಳುವ ಹೊತ್ತಿನಲ್ಲಿ ಟ್ರ್ಯಾಕ್ಟರಿಗೆ ಬೇರೆ ಕೆಲಸ ಇರುತ್ತದೆಯೇ, ಯಂತ್ರದ ಮುಂದೆ ಯಾರು ನಿಲ್ಲುತ್ತಾರೆ, ಕೈಯಲ್ಲಿ ಎಷ್ಟು ಹಣವಿದೆ ಎಂಬವು ನಿಮಗೇ ಗೊತ್ತಿರುವ ಸಂಗತಿಗಳು.

ಟನ್ನು ಮತ್ತು ಸೆಕೆಂಡು

ಜಾಕಿನ ಬಲಕ್ಕೆ ಕಾರಣಗಳು ಎರಡೇ: ಎಣ್ಣೆಯ ಒತ್ತಡ ಮತ್ತು ಪಿಸ್ಟನ್ನಿನ ವಿಸ್ತೀರ್ಣ. 100 ಮಿ.ಮೀ. ಬೋರಿನ ಪಿಸ್ಟನ್ನಿಗೆ 78.5 ಚದರ ಸೆಂ.ಮೀ. ವಿಸ್ತೀರ್ಣವಿದೆ, 150 ಬಾರ್, ಅಂದರೆ ಮೆಕ್ಯಾನಿಕ್‌ಗಳ ಮಾತಿನಲ್ಲಿ ಸುಮಾರು 150 ಕೆಜಿ ಪ್ರೆಶರ್, ಅದರ ಮೇಲೆ ಬಿದ್ದಾಗ ಸಿಗುವ ಬಲ ಸುಮಾರು 12 ಟನ್. ಅದೇ ಒತ್ತಡದಲ್ಲಿ 80 ಮಿ.ಮೀ. ಬೋರು ಸುಮಾರು 7.7 ಟನ್, 125 ಮಿ.ಮೀ. ಬೋರು ಸುಮಾರು 18.8 ಟನ್ ಕೊಡುತ್ತದೆ. ಈ ಲೆಕ್ಕದಲ್ಲಿ ಎಂಜಿನ್ನಿನ ಎಚ್‌ಪಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಒತ್ತಡ ಒಂದೇ ಆಗಿದ್ದರೆ 18 ಎಚ್‌ಪಿಯ ಟ್ರ್ಯಾಕ್ಟರೂ 50 ಎಚ್‌ಪಿಯ ಟ್ರ್ಯಾಕ್ಟರೂ ಅದೇ ಜಾಕಿನಿಂದ ಅಷ್ಟೇ ಬಲವನ್ನು ತೆಗೆಯುತ್ತವೆ. ಎಚ್‌ಪಿ ಕಾಣುವುದು ವೇಗದಲ್ಲಿ.

ವೇಗವನ್ನು ತೀರ್ಮಾನಿಸುವುದು ಲೀಟರು. 100 ಮಿ.ಮೀ. ಬೋರು, 600 ಮಿ.ಮೀ. ಸ್ಟ್ರೋಕು, 50 ಮಿ.ಮೀ. ರಾಡ್ ಇರುವ ಜಾಕನ್ನೇ ತೆಗೆದುಕೊಳ್ಳೋಣ. ಹೊರಬರಲು ಅದಕ್ಕೆ 4.7 ಲೀಟರ್ ಬೇಕು, ಒಳಹೋಗಲು ರಾಡ್ ಜಾಗ ಹಿಡಿದಿರುವುದರಿಂದ 3.5 ಲೀಟರ್ ಸಾಕು. ನಿಮಿಷಕ್ಕೆ 15 ಲೀಟರ್ ಬರುವಲ್ಲಿ ಹೋಗಿಬರಲು ಸುಮಾರು 33 ಸೆಕೆಂಡು, 30 ಲೀಟರ್ ಬರುವಲ್ಲಿ ಸುಮಾರು 17 ಸೆಕೆಂಡು ಹಿಡಿಯುತ್ತದೆ. ದಿಮ್ಮಿ ಎತ್ತಿ ಇಡಲು ಏಳು ಸೆಕೆಂಡು ಸೇರಿಸಿದರೆ ಮೊದಲನೆಯದರಲ್ಲಿ ಗಂಟೆಗೆ 90 ಹೊಡೆತ, ಎರಡನೆಯದರಲ್ಲಿ 150. ಇದಕ್ಕೂ ಹೆಚ್ಚಿನ ವೇಗಕ್ಕೆ ದುಡ್ಡು ಸುರಿಯುವುದನ್ನು ನಾನು ಬೇಡವೆನ್ನುತ್ತೇನೆ, ಏಕೆಂದರೆ ಹೋಗಿಬರುವ ಹೊತ್ತು 15 ಸೆಕೆಂಡಿನ ಹತ್ತಿರ ಬಂದ ಮೇಲೆ ಯಂತ್ರಕ್ಕೆ ದಿಮ್ಮಿ ಒದಗಿಸುವ ಮನುಷ್ಯನೇ ದಣಿದು ಹಿಂದೆ ಬೀಳುತ್ತಾನೆ, ದಣಿದ ಕೈ ತಪ್ಪು ಜಾಗಕ್ಕೆ ಹೋಗುತ್ತದೆ.

ಲೀಟರು ಕಡಿಮೆ ಇರುವ ಟ್ರ್ಯಾಕ್ಟರಿನವರಿಗೆ ಇಲ್ಲಿ ಒಂದು ಒಳ್ಳೆಯ ದಾರಿಯಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ: ಬೋರನ್ನು ಸಣ್ಣದು ಮಾಡುವುದು. 15 ಲೀಟರಿನಲ್ಲಿ 80 ಮಿ.ಮೀ. ಬೋರು, 40 ಮಿ.ಮೀ. ರಾಡ್ ಇರುವ ಜಾಕು 21 ಸೆಕೆಂಡಿನಲ್ಲಿ ಹೋಗಿಬರುತ್ತದೆ, ಬಲ ಏಳೂವರೆ ಟನ್ನಿಗೆ ಇಳಿಯುತ್ತದೆ. ಸಿಲ್ವರ್ ಓಕ್, ಮಾವು, ಒಂದಡಿಗಿಂತ ಕಡಿಮೆ ದಪ್ಪದ ನೇರ ನೀಲಗಿರಿಗೆ ಅಷ್ಟು ಬಲ ಸಾಕು. ಹುಣಸೆ, ಜಾಲಿ, ಬುಡದ ಕೊರಡುಗಳು ಇರುವವರಿಗೆ 100 ಮಿ.ಮೀ. ಬೋರೇ ಬೇಕು, ನಿಧಾನವನ್ನು ಒಪ್ಪಿಕೊಳ್ಳಬೇಕು. ಅದರಲ್ಲೂ 60 ಮಿ.ಮೀ. ದಪ್ಪದ ರಾಡ್ ಹಾಕಿಸಿದರೆ ಮರಳುವ ಹೊತ್ತು ಎರಡು ಸೆಕೆಂಡು ಉಳಿಯುತ್ತದೆ. ಇನ್ನೊಂದು ಮಾತು: ಒಂದಡಿಯ ತುಂಡುಗಳನ್ನು ಸೀಳುವಾಗ ಜಾಕು ಪೂರ್ತಿ ಹಿಂದಕ್ಕೆ ಹೋಗಬೇಕಾಗಿಲ್ಲ. ಅದನ್ನು ಅರ್ಧಕ್ಕೇ ತಡೆಯುವ ಸ್ಟಾಪರ್ ಒಂದನ್ನು ಮಾಡಿಸಿಕೊಂಡರೆ, ಕಾಸಿಲ್ಲದೆ ಪಂಪು ದೊಡ್ಡದಾದಂತೆಯೇ ಸರಿ.

ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ಕಿನಿಂದ

ಖರ್ಚಿನಲ್ಲಿ ಇದಕ್ಕಿಂತ ಅಗ್ಗವಾದ ದಾರಿ ಇಲ್ಲ. ಪಂಪು, ಎಣ್ಣೆಯ ಟ್ಯಾಂಕು, ಎಂಜಿನ್ನು ಎಲ್ಲವೂ ಆಗಲೇ ನಿಮ್ಮ ಬಳಿ ಇವೆ. ಹೊಸದಾಗಿ ಬೇಕಾಗುವುದು ಬೀಮು, ಬೆಣೆ, ಜಾಕು, ಒಂದು ಡಿಸಿ ವಾಲ್ವ್ (ಎಣ್ಣೆ ಹರಿಯುವ ದಿಕ್ಕನ್ನು ಬದಲಿಸುವ, ಲಿವರಿರುವ ವಾಲ್ವು), ಎರಡು ಹೋಸ್ ಪೈಪು. ಹೊರೆಯೂ ಕಡಿಮೆ. 24 ಎಚ್‌ಪಿ ವರ್ಗದ ಹಲವು ಟ್ರ್ಯಾಕ್ಟರುಗಳ ಲಿಫ್ಟಿನ ಸಾಮರ್ಥ್ಯ 750 ಕೆಜಿ ಇರುವುದರಿಂದ 250ರಿಂದ 300 ಕೆಜಿ ತೂಗುವ ಯಂತ್ರವನ್ನು ಹಿಂದೆ ನೇತುಹಾಕಿಕೊಂಡು ಹೊಲದೊಳಗೇ ರಾಶಿಯ ಪಕ್ಕಕ್ಕೆ ಒಯ್ಯಬಹುದು. ಸೀಳುವಾಗ ಮಾತ್ರ ಅದು ಲಿಫ್ಟಿನ ಮೇಲೆ ತೂಗಾಡದೆ ತನ್ನ ಕಾಲುಗಳ ಮೇಲೆ ನೆಲಕ್ಕೆ ನಿಂತಿರಬೇಕು.

ಆದರೆ ಎಣ್ಣೆಯನ್ನು ಎಲ್ಲಿಂದ ತೆಗೆಯುತ್ತೀರಿ ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ನಮ್ಮ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೊರಗೆ ಕಾಣುವ ಒಂದೇ ಕಿಂಡಿ ಸಾಮಾನ್ಯವಾಗಿ ಟಿಪ್ಪಿಂಗ್ ಟ್ರೈಲರಿಗೆಂದು ಕೊಟ್ಟಿರುವುದು. ಟ್ರೈಲರಿನ ಜಾಕು ಎಣ್ಣೆಯಿಂದ ಏಳುತ್ತದೆ, ತನ್ನ ಭಾರದಿಂದಲೇ ಇಳಿಯುತ್ತದೆ, ಎಣ್ಣೆ ಹೋದ ಪೈಪಿನಲ್ಲೇ ಮರಳುತ್ತದೆ. ಸೌದೆ ಸೀಳುವ ಜಾಕಿಗೆ ಅದು ಸಾಲದು, ಏಕೆಂದರೆ ಬೆಣೆ ದಿಮ್ಮಿಯಲ್ಲಿ ಸಿಕ್ಕಿಕೊಂಡಾಗ ಅದನ್ನು ಹಿಂದಕ್ಕೆ ಎಳೆಯಲೂ ಬಲ ಬೇಕು. ಹಾಗಾಗಿ ಟಿಪ್ಪಿಂಗ್ ಕಿಂಡಿಯಿಂದ ಎಣ್ಣೆಯನ್ನು ಸೀಳುವ ಯಂತ್ರದ ಡಬಲ್ ಆಕ್ಟಿಂಗ್ ವಾಲ್ವಿಗೆ ಕೊಟ್ಟು, ಆ ವಾಲ್ವಿನಿಂದ ಮರಳುವ ಎಣ್ಣೆಗೆ ಟ್ರ್ಯಾಕ್ಟರಿನ ಎಣ್ಣೆತೊಟ್ಟಿಗೆ ನೇರವಾಗಿ ಹೋಗುವ ಇನ್ನೊಂದು ದಾರಿ ಮಾಡಿಸಬೇಕು. ವಾಲ್ವು ಓಪನ್ ಸೆಂಟರ್ ಬಗೆಯದೇ ಆಗಿರಬೇಕು, ಅಂದರೆ ಲಿವರ್ ನಡುವೆ ನಿಂತಾಗ ಎಣ್ಣೆ ತಡೆಯಿಲ್ಲದೆ ಹರಿದು ತೊಟ್ಟಿಗೆ ಮರಳುವಂಥದ್ದು. ಈ ಟ್ರ್ಯಾಕ್ಟರುಗಳ ಗೇರ್ ಪಂಪು ಎಂಜಿನ್ ತಿರುಗುವಷ್ಟು ಹೊತ್ತೂ ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ನಡುವೆ ಮುಚ್ಚಿಕೊಳ್ಳುವ ವಾಲ್ವು ಹಾಕಿದರೆ ಅಷ್ಟೂ ಎಣ್ಣೆ, ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವಿನ ಮೂಲಕ ನುಗ್ಗಿ ಕೆಲವೇ ನಿಮಿಷಗಳಲ್ಲಿ ಕಾದುಹೋಗುತ್ತದೆ.

ಮರಳುವ ಪೈಪಿನ ವಿಷಯದಲ್ಲಿ ನಾನು ಒತ್ತಿ ಹೇಳಲೇಬೇಕಾದದ್ದು ಇದೆ. ನಮ್ಮ ಮೊದಲ ಯಂತ್ರದಲ್ಲಿ ಬಿಚ್ಚಲು ಸುಲಭವಾಗಲೆಂದು ಎರಡೂ ಪೈಪುಗಳಿಗೆ ಒತ್ತಿ ಕೂರಿಸುವ ಕ್ವಿಕ್ ಕಪ್ಲರ್ ಹಾಕಿದ್ದೆವು. ಒಂದು ಬೆಳಿಗ್ಗೆ ಮರಳುವ ಪೈಪಿನ ಕಪ್ಲರ್ ಪೂರ್ತಿ ಕೂತಿರಲಿಲ್ಲ. ನೋಡಲು ಕೂತಂತೆಯೇ ಇತ್ತು, ಒಳಗಿನ ಗುಂಡು ಮಾತ್ರ ತೆರೆದಿರಲಿಲ್ಲ. ಎಂಜಿನ್ ಹಚ್ಚಿ ಟ್ರ್ಯಾಕ್ಟರಿನ ಲಿವರ್ ಎತ್ತಿದ ಕ್ಷಣ, ಒತ್ತಡವನ್ನು ಎಂದೂ ಕಾಣಬಾರದ ಬದಿಯಲ್ಲಿ ಪೂರ್ತಿ ಒತ್ತಡ ನಿಂತು, ವಾಲ್ವಿನ ತುದಿಯ ಸೀಲುಗಳು ಕಿತ್ತುಬಂದವು, ಬಿಸಿಯಾಗಿರದ ಎಣ್ಣೆಯಾದ್ದರಿಂದ ನನ್ನ ತಮ್ಮನ ಮುಖ ಉಳಿಯಿತು. ಅಂದಿನಿಂದ ನಮ್ಮ ಯಂತ್ರದ ಮರಳುವ ದಾರಿಯಲ್ಲಿ ತಿರುಪಿ ಬಿಗಿಯುವ ಯೂನಿಯನ್ ಮಾತ್ರ ಇದೆ. ಟ್ರ್ಯಾಕ್ಟರಿನಲ್ಲಿ ಎರಡು ಕಿಂಡಿಯ ಡಬಲ್ ಆಕ್ಟಿಂಗ್ ವಾಲ್ವು ಇದ್ದು ಎರಡನೇ ಕಿಂಡಿಗೆ ಮರಳುವ ಪೈಪು ಜೋಡಿಸುವವರಿಗೂ ಇದೇ ಅಪಾಯವಿದೆ: ಯಾರಾದರೂ ಲಿವರನ್ನು ಮರೆತು ವಿರುದ್ಧ ದಿಕ್ಕಿಗೆ ತಳ್ಳಿದರೆ ಒತ್ತಡ ಮರಳುವ ಬದಿಯಿಂದ ವಾಲ್ವಿನೊಳಗೆ ನುಗ್ಗುತ್ತದೆ. ಆ ಜೋಡಣೆಯನ್ನೇ ಮಾಡಬೇಡಿ, ನೇರವಾಗಿ ತೊಟ್ಟಿಗೆ ಬಿಡಿಸಿ.

ಮರಳುವ ಪೈಪು ಹೋಗುವ ಪೈಪಿಗಿಂತ ದಪ್ಪವಿರಬೇಕೆಂಬುದಕ್ಕೂ ಕಾರಣವಿದೆ. ಜಾಕು ಒಳಹೋಗುವಾಗ ರಾಡಿನ ಬದಿಗೆ 15 ಲೀಟರ್ ತುಂಬಿದರೆ ಪಿಸ್ಟನ್ನಿನ ಇನ್ನೊಂದು ಬದಿಯಿಂದ 20 ಲೀಟರ್ ಹೊರಬೀಳುತ್ತದೆ. ಹೋಗುವ ಬದಿಗೆ ಎರಡು ತಂತಿ ಪದರದ ಅರ್ಧ ಇಂಚಿನ ಹೋಸ್ ಸಾಕು, ಮರಳುವ ಬದಿಗೆ ಮುಕ್ಕಾಲು ಇಂಚು ಹಾಕಿಸಿ.

ಇನ್ನು ಎಣ್ಣೆ. ಹೈಡ್ರಾಲಿಕ್ಕಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ ಬಳಸುವ ಟ್ರ್ಯಾಕ್ಟರಾದರೆ, ಆಯಿಲ್ ಬ್ರೇಕಿನ ತಟ್ಟೆಗಳೂ ಅದರಲ್ಲೇ ಮುಳುಗಿರುವುದಾದರೆ, ಹೊಸ ಜಾಕಿನೊಳಗೆ ಉಳಿದ ಲೋಹದ ಪುಡಿಯೂ ಹೋಸ್ ಕತ್ತರಿಸುವಾಗ ಬಿದ್ದ ರಬ್ಬರಿನ ಚೂರೂ ಸೀದಾ ಗೇರು, ಬೇರಿಂಗುಗಳ ನಡುವೆ ಹೋಗಿ ಸೇರುತ್ತವೆ. ಈ ದಾರಿಯ ದೊಡ್ಡ ಬೆಲೆ ಇದೇ, ಮತ್ತು ಇದು ಕೊಂಡ ದಿನದ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಜೋಡಿಸುವ ಮೊದಲು ಜಾಕು, ಹೋಸುಗಳನ್ನು ತೊಳೆಸಬೇಕು, ಮರಳುವ ದಾರಿಯಲ್ಲಿ ಒಂದು ಫಿಲ್ಟರ್ ಇರಲೇಬೇಕು, ಕೈಪಿಡಿ ಹೇಳಿದ ಎಣ್ಣೆಯನ್ನು ಬಿಟ್ಟು ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯನ್ನು ಆ ಜಾಕಿಗೂ ತುಂಬಬಾರದು. ಬೇರೆಯವರ ಟ್ರ್ಯಾಕ್ಟರಿಗೆ ಹಾಕಿದ್ದ ಯಂತ್ರವನ್ನು ಎರವಲು ತರುವುದೂ ಇದೇ ಕಾರಣಕ್ಕೆ ಒಳ್ಳೆಯದಲ್ಲ, ಅವರ ಜಾಕಿನೊಳಗಿನ ಎಣ್ಣೆ ನಿಮ್ಮ ಗೇರ್‌ಬಾಕ್ಸಿಗೆ ಬರುತ್ತದೆ.

ಸೀಳುವ ವಾಲ್ವಿನ ರಿಲೀಫನ್ನು ಟ್ರ್ಯಾಕ್ಟರಿನ ರಿಲೀಫಿಗಿಂತ ಒಂದು ಹತ್ತು ಬಾರ್ ಕಡಿಮೆಗೆ ಕೂರಿಸಿ. ಬಲ ಸಾಲದೆಂದು ಟ್ರ್ಯಾಕ್ಟರಿನ ರಿಲೀಫನ್ನು ಬಿಗಿಸುವವರನ್ನು ಕಂಡಿದ್ದೇನೆ; ಪಂಪಿನ ಆಯಸ್ಸನ್ನು ಕೊಟ್ಟು ಅರ್ಧ ಟನ್ ಕೊಂಡಂತಾಗುತ್ತದೆ ಅದು. ಒತ್ತಿದ ದಿಮ್ಮಿ ಎರಡು ಮೂರು ಸೆಕೆಂಡಿನಲ್ಲಿ ಬಿಚ್ಚದಿದ್ದರೆ ಲಿವರ್ ಬಿಟ್ಟು ದಿಮ್ಮಿಯನ್ನು ತಿರುಗಿಸಿ ಇಡಿ, ಅಂಚಿನಿಂದ ಸಿಪ್ಪೆ ಸಿಪ್ಪೆಯಾಗಿ ತೆಗೆಯಿರಿ. ಎಣ್ಣೆಯ ಬಿಸಿ 65 ಡಿಗ್ರಿ ದಾಟದಂತೆ ನೋಡಿಕೊಂಡರೆ ಸೀಲುಗಳು ಬಾಳುತ್ತವೆ. ಕೈಯಿಟ್ಟು ಹಿಡಿದಿರಲಾಗದಷ್ಟು ತೊಟ್ಟಿ ಬಿಸಿಯಾದರೆ ಅರ್ಧ ಗಂಟೆ ವಿಶ್ರಾಂತಿ ಕೊಡಿ.

ಇಷ್ಟನ್ನು ಮಾಡಿಕೊಂಡರೆ ವರ್ಷಕ್ಕೆ ಇಪ್ಪತ್ತು ದಿನದೊಳಗೆ ಕೆಲಸ ಮುಗಿಯುವವರಿಗೆ ಈ ದಾರಿಯೇ ಸರಿ. ಅದಕ್ಕಿಂತ ಹೆಚ್ಚು ದುಡಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಪಿ.ಟಿ.ಒ. ಪಂಪು ಮತ್ತು ಬೇರೆ ಟ್ಯಾಂಕು

ಟ್ರ್ಯಾಕ್ಟರಿನ ಎಂಜಿನ್ನನ್ನು ಮಾತ್ರ ಬಳಸಿಕೊಂಡು ಎಣ್ಣೆಯನ್ನು ಬೇರೆಯಾಗಿಡುವ ದಾರಿ ಇದು. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸಾಮಾನ್ಯ ಗೇರ್ ಪಂಪಿಗೆ ಆ ವೇಗ ಸಾಲದು. ಆದ್ದರಿಂದ ನಡುವೆ ಒಂದಕ್ಕೆ ಮೂರರ ಗೇರ್‌ಬಾಕ್ಸ್ ಹಾಕಿ 1620 ಸುತ್ತಿಗೆ ಏರಿಸುತ್ತಾರೆ. ಒಂದು ಸುತ್ತಿಗೆ 20 ಸಿಸಿ ತಳ್ಳುವ ಪಂಪು ಆಗ ಲೆಕ್ಕಕ್ಕೆ 32 ಲೀಟರ್, ಸೋರಿಕೆ ಕಳೆದು ಸುಮಾರು 30 ಲೀಟರ್ ಕೊಡುತ್ತದೆ. 30 ಲೀಟರನ್ನು 150 ಬಾರ್ ಒತ್ತಡದಲ್ಲಿ ತಳ್ಳಲು 10 ಎಚ್‌ಪಿ ಬೇಕು, ನಷ್ಟಗಳನ್ನು ಸೇರಿಸಿದರೆ 12. ಅಂದರೆ 24 ಎಚ್‌ಪಿಯ ಟ್ರ್ಯಾಕ್ಟರು ಇದನ್ನು ಆರಾಮವಾಗಿ ಓಡಿಸುತ್ತದೆ, 18 ಎಚ್‌ಪಿಯದು ಓಡಿಸಿದರೂ ಗಂಟು ಸಿಕ್ಕಾಗ ಮುಲುಗುತ್ತದೆ. ಅಂಥವರು 14 ಸಿಸಿ ಪಂಪಿಗೆ ಇಳಿಯುವುದು ಒಳ್ಳೆಯದು.

ಟ್ಯಾಂಕು ಪಂಪಿನ ಒಂದು ನಿಮಿಷದ ಎಣ್ಣೆಯ ಎರಡು ಪಟ್ಟಾದರೂ ಇರಲಿ, 60 ಲೀಟರು. ಟ್ಯಾಂಕು ಸಣ್ಣದು ಮಾಡಿ ಹಣ ಉಳಿಸುವವರು ಮಧ್ಯಾಹ್ನದ ಹೊತ್ತಿಗೆ ಬಿಸಿ ಎಣ್ಣೆಯೊಂದಿಗೆ ಕೆಲಸ ನಿಲ್ಲಿಸಬೇಕಾಗುತ್ತದೆ. ಬೆಂಗಳೂರಿನ ಹವೆಗೆ 46ರ ದರ್ಜೆಯ (ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಮಂದ) ಹೈಡ್ರಾಲಿಕ್ ಎಣ್ಣೆ ಸಾಕು, ಬೇಸಿಗೆಯಿಡೀ ದುಡಿಸುವವರು 68 ಹಾಕಬಹುದು. ಪಂಪಿನ ಗೇರ್‌ಬಾಕ್ಸ್ ಶಾಫ್ಟಿನ ಜೊತೆ ತಾನೂ ತಿರುಗದಂತೆ ಅದನ್ನು ಚಾಸಿಗೆ ಸರಪಳಿಯಿಂದಲೋ ಪಟ್ಟಿಯಿಂದಲೋ ಕಟ್ಟಬೇಕು. ಪಿ.ಟಿ.ಒ.ಗೆ ಎರಡನೇ ವೇಗವಿರುವ ಟ್ರ್ಯಾಕ್ಟರಿನವರು ತಪ್ಪಿಯೂ ಆ ವೇಗಕ್ಕೆ ಹಾಕಬಾರದು. ಪಂಚೆ, ಲುಂಗಿ, ಹೆಗಲ ಟವೆಲು ಸುತ್ತಿಕೊಳ್ಳದಂತೆ ಶಾಫ್ಟಿಗೆ ಗಾರ್ಡ್ ಇರಲೇಬೇಕು.

ಖರ್ಚಿನ ಮಾತಿಗೆ ಬಂದರೆ, ಮೊದಲ ದಾರಿಯ ಬೀಮು, ಜಾಕು, ವಾಲ್ವುಗಳ ಮೇಲೆ ಪಂಪು, ಗೇರ್‌ಬಾಕ್ಸು, ಟ್ಯಾಂಕು, ಒಂದು ಟ್ಯಾಂಕು ಎಣ್ಣೆ, ಶಾಫ್ಟು ಇಷ್ಟೂ ಸೇರುತ್ತವೆ. ಬದಲಿಗೆ ಹೋಗಿಬರುವ ಹೊತ್ತು ಅರ್ಧವಾಗುತ್ತದೆ, ಸೌದೆಯ ದೂಳು ತುಂಬಿದ ಎಣ್ಣೆ ಟ್ರ್ಯಾಕ್ಟರಿನ ಹೊಟ್ಟೆಗೆ ಹೋಗುವುದಿಲ್ಲ, ಹೋಸ್ ಒಡೆದರೂ ಹೋಗುವುದು 60 ಲೀಟರ್ ಸಾದಾ ಎಣ್ಣೆ ಮಾತ್ರ. ಇಲ್ಲಿ ಕಳೆದುಕೊಳ್ಳುವುದು ಡೀಸೆಲ್ಲು ಮತ್ತು ಗಂಟೆ: ಎಂಜಿನ್ ಪಿ.ಟಿ.ಒ. ವೇಗದಲ್ಲೇ ಓಡುತ್ತಿರಬೇಕಾದ್ದರಿಂದ ಗಂಟೆಗೆ ಎರಡರಿಂದ ಮೂರು ಲೀಟರ್ ಡೀಸೆಲ್ ಹೋಗುತ್ತದೆ, ಮೀಟರಿನಲ್ಲಿ ಗಂಟೆಗಳು ಏರಿ ಸರ್ವಿಸ್ ಬೇಗ ಬರುತ್ತದೆ. ತಿಂಗಳುಗಟ್ಟಲೆ ಸೌದೆ ಇರುವ, ಟ್ರ್ಯಾಕ್ಟರಿಗೆ ಆ ಹೊತ್ತಿನಲ್ಲಿ ಉಳುವ ಕೆಲಸವಿಲ್ಲದ ರೈತನಿಗೆ ನನ್ನ ಮೊದಲ ಆಯ್ಕೆ ಇದೇ.

ಟ್ರ್ಯಾಕ್ಟರನ್ನು ಬಿಟ್ಟು

ಆರೂವರೆ ಎಚ್‌ಪಿಯ ಪೆಟ್ರೋಲ್ ಎಂಜಿನ್ನಿನ ಯಂತ್ರಗಳು 20 ಟನ್ನಿನ ಮೇಲಿನ ಬಲವನ್ನು ಹೇಳಿಕೊಳ್ಳುವುದನ್ನು ಕಂಡು 24 ಎಚ್‌ಪಿ ಟ್ರ್ಯಾಕ್ಟರಿನವರು ಬೆರಗಾಗುತ್ತಾರೆ. ಅದರಲ್ಲಿ ಮೋಸವಿಲ್ಲ, ಅವುಗಳಲ್ಲಿ ಎರಡು ಹಂತದ ಪಂಪಿದೆ. ಬೆಣೆ ಮರವನ್ನು ಮುಟ್ಟುವವರೆಗೆ ಪಂಪಿನ ಎರಡೂ ಭಾಗಗಳು ಸೇರಿ ಹೆಚ್ಚು ಎಣ್ಣೆ ಕೊಡುತ್ತವೆ, ಒತ್ತಡ ಏರಿದೊಡನೆ ದೊಡ್ಡ ಭಾಗ ಬಿಟ್ಟುಕೊಂಡು ಸಣ್ಣ ಭಾಗ ಮಾತ್ರ ಪೂರ್ತಿ ಒತ್ತಡದಲ್ಲಿ ನಿಧಾನವಾಗಿ ತಳ್ಳುತ್ತದೆ. ಸಣ್ಣ ಎಂಜಿನ್ನಿಗೆ ಹೊರೆ ಎಂದೂ ಮೀರುವುದಿಲ್ಲ. ಸೌದೆ ಡಿಪೋದವರಿಗೆ, ಊರೂರಿಗೆ ಹೋಗಿ ಬಾಡಿಗೆಗೆ ಸೀಳಿಕೊಡುವವರಿಗೆ, ಟ್ರ್ಯಾಕ್ಟರು ವರ್ಷವಿಡೀ ಬೇರೆ ಕೆಲಸದಲ್ಲಿರುವವರಿಗೆ ಇದು ಸರಿ. ಆದರೆ ಎಲ್ಲಕ್ಕಿಂತ ದುಬಾರಿ, ನೋಡಿಕೊಳ್ಳಲು ಇನ್ನೊಂದು ಎಂಜಿನ್ನು ಹೆಚ್ಚಾಗುತ್ತದೆ, ಪೆಟ್ರೋಲಿನ ಖರ್ಚೂ ಇದೆ. ವರ್ಷಕ್ಕೆ ಹತ್ತು ದಿನ ಓಡಿ ಉಳಿದ ದಿನ ನಿಲ್ಲುವ ಪೆಟ್ರೋಲ್ ಎಂಜಿನ್ನಿನ ಕಾರ್ಬೊರೇಟರ್ ಕಟ್ಟಿಕೊಳ್ಳುವುದಂತೂ ನಿಶ್ಚಿತ.

ಕರೆಂಟಿನ ಯಂತ್ರಕ್ಕೆ ಸದ್ದಿಲ್ಲ, ಹೊಗೆಯಿಲ್ಲ, ನಗರದೊಳಗಿನ ಛತ್ರದ ಹಿತ್ತಲಿಗೂ ರಾಮನಗರದ ರೇಷ್ಮೆ ರೀಲಿಂಗ್ ಘಟಕಕ್ಕೂ ಇದಕ್ಕಿಂತ ಹೊಂದುವ ಯಂತ್ರವಿಲ್ಲ. ಸಿಂಗಲ್ ಫೇಸಿನ 3 ಎಚ್‌ಪಿ ಮೋಟರು 150 ಬಾರಿನಲ್ಲಿ ನಿಮಿಷಕ್ಕೆ ಸುಮಾರು 7 ಲೀಟರ್ ಮಾತ್ರ ತಳ್ಳಬಲ್ಲದು, ಎರಡು ಹಂತದ ಪಂಪು ಹಾಕಿಸಿದರೆ ಆ ನಿಧಾನ ಸಹ್ಯವಾಗುತ್ತದೆ. ತ್ರೀ ಫೇಸ್ ಇದ್ದು ಏಳೂವರೆ ಎಚ್‌ಪಿ ಮೋಟರು ಹಾಕಬಲ್ಲವರಿಗೆ ಹೆಚ್ಚೂಕಡಿಮೆ ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಷ್ಟೇ ವೇಗ ಸಿಗುತ್ತದೆ. ಹೊಲದಲ್ಲಿ ಪಂಪ್‌ಸೆಟ್ಟಿಗೆಂದು ಕೊಟ್ಟ ಸಂಪರ್ಕದಿಂದ ಇದನ್ನು ಓಡಿಸುವ ಆಲೋಚನೆ ಬೇಡ. ಅದು ಪಂಪ್‌ಸೆಟ್ಟಿಗೆ ಮಾತ್ರ.

ಪಿ.ಟಿ.ಒ.ಗೋ ಮೋಟರಿಗೋ ಸಿಕ್ಕಿಸಿ ತಿರುಗಿಸುವ, ತಿರುಪಿನಂತಿರುವ ಶಂಕುವಿನ ಯಂತ್ರಗಳು ಅಗ್ಗವಾಗಿ ಸಿಗುತ್ತವೆ. ಅದು ಸಿಕ್ಕಿಸಿಕೊಂಡ ದಿಮ್ಮಿಯನ್ನು ಇಡಿಯಾಗಿ ತಿರುಗಿಸಿ ಬೀಸಬಲ್ಲದು, ಬಟ್ಟೆಯನ್ನೋ ಕೈಗವಸನ್ನೋ ಹಿಡಿದರೆ ಬಿಡುವುದಿಲ್ಲ, ಲಿವರ್ ಬಿಟ್ಟೊಡನೆ ನಿಲ್ಲುವ ಗುಣವೂ ಅದಕ್ಕಿಲ್ಲ. ಎಷ್ಟೇ ಅಗ್ಗವಾದರೂ ಅದನ್ನು ತರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮಾಡಿಸುವಾಗ

ಪೀಣ್ಯದಲ್ಲಿ ಜಾಕು ಮಾಡಿಸಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೀಮು ಕೂರಿಸುವವರು ಬೀಮಿನಲ್ಲಿ ಉಳಿತಾಯ ಮಾಡುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಜಾಕಿನ ಬಲ ಬೀಮಿನ ನಡುವೆ ಬೀಳದೆ ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಬೀಳುವುದರಿಂದ ಬೀಮು ಬಿಲ್ಲಿನಂತೆ ಬಾಗಲು ನೋಡುತ್ತದೆ. 12 ಟನ್ನಿಗೆ 150 ಮಿ.ಮೀ. ಎತ್ತರದ ಐ-ಬೀಮು ಲೆಕ್ಕದಲ್ಲೇ ಸೋಲುತ್ತದೆ. ಐಎಸ್‌ಎಂಬಿ 200, ಅಂದರೆ 200 ಮಿ.ಮೀ. ಎತ್ತರದ ಐ-ಬೀಮು ಹಾಕಿಸಿ. ನಾಲ್ಕು ಸೀಳಿನ ಬೆಣೆ ನೋಡಲು ಆಕರ್ಷಕವಾದರೂ 12 ಟನ್ನಿನೊಳಗಿನ ಯಂತ್ರಕ್ಕೆ ಅದು ಭಾರ, ಸಾದಾ ಬೆಣೆಯೇ ಇರಲಿ. ವಾಲ್ವು ಎರಡೂ ಕೈಯಿಂದ ಹಿಡಿದರೆ ಮಾತ್ರ ಬೆಣೆ ಮುಂದೆ ಹೋಗುವಂಥದ್ದಾಗಿದ್ದರೆ ಉತ್ತಮ. ಯುರೋಪಿನ ಇಎನ್ 609-1 ಮಾನದಂಡ ಇಂಥ ಯಂತ್ರಗಳಿಂದ ಅದನ್ನೇ ಬಯಸುತ್ತದೆ. ಒಂದೇ ಲಿವರಿನ ವಾಲ್ವು ಹಾಕಿಸಿದವರು, ದಿಮ್ಮಿ ಇಡುವವನೂ ಲಿವರ್ ಹಿಡಿಯುವವನೂ ಒಬ್ಬನೇ ಎಂಬ ನಿಯಮವನ್ನು ಮುರಿಯಬಾರದು. ಒಬ್ಬ ಇಡುವುದು, ಇನ್ನೊಬ್ಬ ಲಿವರ್ ಎಳೆಯುವುದು ಎಂದಾದಲ್ಲಿ ಬೆರಳುಗಳು ಹೋಗುತ್ತವೆ. ಹೋಸಿನಲ್ಲಿ ಎಣ್ಣೆ ಜಿನುಗುವುದು ಕಂಡರೆ ಬೆರಳಿಟ್ಟು ನೋಡಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಸೇರುತ್ತದೆ. ಹಾಗಾದರೆ ನೋವಿಲ್ಲವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಣದ ತೀರ್ಮಾನಕ್ಕೆ ಒಂದು ಕಾಗದ ಸಾಕು. ನಿಮ್ಮೂರಿನಲ್ಲಿ ಕೊಡಲಿಯಿಂದ ಅಷ್ಟೇ ಸೌದೆ ಒಡೆಸಲು ವರ್ಷಕ್ಕೆ ಎಷ್ಟು ಆಳು, ಎಷ್ಟು ಕೂಲಿ ಎಂದು ಬರೆಯಿರಿ, ಅದರ ಕೆಳಗೆ ಪ್ರತಿ ದಾರಿಯ ಯಂತ್ರದ ಬೆಲೆಯನ್ನೂ ಡೀಸೆಲ್ಲನ್ನೂ ಬರೆಯಿರಿ. ಪಿ.ಟಿ.ಒ. ಪಂಪಿಗೆ ಹೆಚ್ಚಾಗಿ ಹಾಕುವ ಹಣ ಮೂರು ಸುಗ್ಗಿಗಳಲ್ಲಿ ಮರಳುವುದಿಲ್ಲವಾದರೆ ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ಕಿಗೇ ನಿಲ್ಲಿ. ಇಲ್ಲಿ ಇನ್ನೊಂದು ಅನುಕೂಲವಿದೆ: ಬೀಮು, ಜಾಕು, ವಾಲ್ವುಗಳು ಎರಡೂ ದಾರಿಗೆ ಒಂದೇ. ಈ ವರ್ಷ ಟ್ರ್ಯಾಕ್ಟರಿನ ಎಣ್ಣೆಯಿಂದ ಓಡಿಸಿ, ಸೌದೆ ಹೆಚ್ಚಾದ ವರ್ಷ ಪಂಪು, ಟ್ಯಾಂಕು ಸೇರಿಸಬಹುದು. ಹಾಗೆ ಮಾಡುವ ಉದ್ದೇಶವಿದ್ದರೆ ಮೊದಲ ದಿನವೇ ವಾಲ್ವು 40 ಲೀಟರಿಗೆ ತಾಳುವಂಥದ್ದನ್ನು ಕೊಳ್ಳಿ, ಬೀಮಿನ ಕೆಳಗೆ ಟ್ಯಾಂಕಿಗೆ ಜಾಗ ಬಿಡಿಸಿ. ನಾವು ಅದನ್ನು ಬಿಡಿಸಿರಲಿಲ್ಲ, ಮೂರನೇ ವರ್ಷ ಚಾಸಿಯನ್ನು ಪೂರ್ತಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಬೇಕಾಯಿತು.